ಅಟ್ಟದ ಮೇಲಿನ ಚಿತ್ರಗಳು

'ಮೆತ್ರಾಹೆ' ಎಂಬ ಸ್ಪ್ಯಾನಿಷ್ ಪದ ಅಳಿಸಿ ಅನಂತರಾಜು 'ಗ್ರಬಾಸಿಯೋನ್' ಎಂದು ಟೈಪ್ ಮಾಡಿದ. ಅದರ ಮೇಲೂ ನಂಬಿಕೆ ಹುಟ್ಟಲಿಲ್ಲ.

ಯಾವುದೋ ಕಂಪನಿಯ ಸಿಸಿಟಿವಿ ಆ್ಯಪನ್ನು ಗುಬ್ಬಿ ಊರಿನ ತನ್ನ ಮನೆಯಲ್ಲಿ ಕೂತು ಸ್ಪ್ಯಾನಿಷ್‌ಗೆ ಅನುವಾದಿಸುವುದು ಅವನ ಕೆಲಸ. ಎಲ್ಲ ಮುಗಿದು, ಕ್ಯಾಮೆರಾ ಹಿಡಿದ ದೃಶ್ಯಕ್ಕೆ ಹೇಳುವ 'ಫೂಟೇಜ್' ಎಂಬ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮ್ಯಾಡ್ರಿಡ್‌ನಲ್ಲಿ ಕೂತು ತಿದ್ದುವ ಹೆಂಗಸು ಬರೆದಿದ್ದಳು: ಮೆತ್ರಾಹೆ ಸಿನಿಮಾದವರ ಮಾತು, ಕಾವಲಿನ ಕ್ಯಾಮೆರಾಕ್ಕೆ 'ಇಮಾಹೆನೆಸ್' ಸಾಕು. ಇಮಾಹೆನೆಸ್ ಅಂದರೆ ಬರೀ ಚಿತ್ರಗಳು. ಕಳ್ಳರನ್ನು ಹಿಡಿದುಕೊಡುವ ವಸ್ತುವಿಗೆ ಇಷ್ಟು ಸಪ್ಪೆ ಹೆಸರೇ ಎಂದು ಅವನಿಗೆ ರೇಗಿತು. ರೆಕಾರ್ಡಿಂಗ್ ಎಂಬರ್ಥದ ಗ್ರಬಾಸಿಯೋನ್‌ನಲ್ಲಿ ದಾಖಲೆಯ ಗತ್ತಾದರೂ ಇತ್ತು.

ಅವನ ಮನೆಯಲ್ಲೂ ಒಂದು ಕ್ಯಾಮೆರಾ ಇತ್ತು. ಕೊಬ್ಬರಿಗೆಂದು ಕಾಯಿ ಒಣಗಲು ಬಿಟ್ಟ ಅಟ್ಟಕ್ಕೆ, ಕಳ್ಳರ ಹೆಸರು ಹೇಳಿ, ಅವನೇ ಹಾಕಿಸಿದ್ದ. ಕಳ್ಳರು ಬಂದಿರಲಿಲ್ಲ. ಬರುತ್ತಿದ್ದವಳು ಹೆಂಡತಿ ಕೋಮಲಾ. ಮಧ್ಯಾಹ್ನ ಅವನು ರೂಮಿನ ಬಾಗಿಲು ಹಾಕಿಕೊಂಡ ಮೇಲೆ ಅಟ್ಟ ಹತ್ತಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ, ಕೈ ಕಿವಿಗೆ ಹಿಡಿದು ನಿಲ್ಲುತ್ತಿದ್ದಳು. ಅಟ್ಟ ಹತ್ತಿ ಯಾರಿಗೆ ಫೋನು? ದೃಶ್ಯಕ್ಕೆ ಧ್ವನಿ ಇರಲಿಲ್ಲ. ಧ್ವನಿಯನ್ನು ಅವನೇ ತುಂಬಿಕೊಂಡಿದ್ದ.

ಕೋಮಲಾ ಕಾಫಿ ತಂದಿಟ್ಟಳು.

"ಮಧ್ಯಾಹ್ನ ಮಲ್ಗಿದ್ಯಾ?"

"ಇಲ್ಲ. ಯಾಕ್ರೀ?"

"ಯಾರೋ ಮಾತಾಡ್ದಂಗಾಯ್ತು."

"ಈ ಮನೇಲಿ ಯಾರ್ ಮಾತಾಡ್ತಾರೆ ಬುಡಿ."

ಅವಳು ಹೋದಳು. ಕಾಫಿ ಲೋಟದ ಪಕ್ಕದಲ್ಲೇ ಅವಳ ಫೋನು ಚಾರ್ಜಿಗಿತ್ತು. ಬೆಳಿಗ್ಗೆಯಿಂದ ಅಲ್ಲೇ ಇತ್ತು.

ಅನಂತರಾಜು ಇವತ್ತಿನ ದೃಶ್ಯವನ್ನು ದೊಡ್ಡದು ಮಾಡಿ ನೋಡಿದ. ಅವಳ ಕೈಯಲ್ಲಿದ್ದದ್ದು ತೆಂಗಿನಕಾಯಿ. ಅಲ್ಲಾಡಿಸುತ್ತಾಳೆ, ಕಿವಿಗಿಡುತ್ತಾಳೆ, ಕೆಳಗಿಡುತ್ತಾಳೆ. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದ್ದರೆ ಲೊಟಲೊಟ ಎನ್ನುತ್ತದೆ. ಅವನ ತಾಯಿಯೂ ಇದೇ ಅಟ್ಟದಲ್ಲಿ ಹೀಗೇ ನಿಂತು ಕೇಳುತ್ತಿದ್ದಳು. ಇದೇ ಮನೆಯಲ್ಲಿ ಹುಟ್ಟಿದವನಿಗೆ ಅದು ಹೊಳೆದಿರಲಿಲ್ಲ.

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಳಿಯುವ ಮುಂಚೆ ಕೋಮಲಾ ಕ್ಯಾಮೆರಾದತ್ತ ತಿರುಗಿದ್ದಳು. ಅವನನ್ನೇ ನೋಡುವಂತೆ ಬಹಳ ಹೊತ್ತು ನೋಡಿದ್ದಳು. ತಾನು ಕದ್ದು ನೋಡುತ್ತಿರುವುದು ಎಷ್ಟು ದಿನದಿಂದ ಇವಳಿಗೆ ಗೊತ್ತು? ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಹೊಸ ಅನುಮಾನ ಎದ್ದಿತು: ಗೊತ್ತಿದ್ದೂ ಯಾಕೆ ಸುಮ್ಮನಿದ್ದಳು?

'ಗ್ರಬಾಸಿಯೋನ್' ಅಳಿಸಿದ. ತನ್ನ ಹತ್ತಿರ ಇದ್ದದ್ದು ಬರೀ ಚಿತ್ರಗಳು ಎಂದು ಒಪ್ಪಿ 'ಇಮಾಹೆನೆಸ್' ಬರೆಯಲು ಕೈ ಬರಲಿಲ್ಲ. ಜಾಗ ಖಾಲಿ ಬಿಟ್ಟು ಎದ್ದು ಅಟ್ಟ ಹತ್ತಿದ.

ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಸದ್ದಿಲ್ಲ. ಇನ್ನೊಂದು ಎತ್ತಿಕೊಂಡ.

ಕೆಳಗೆ ರೂಮಿನಲ್ಲಿ ಕೋಮಲಾಳ ಫೋನು ಟಿಣ್ ಎಂದಿತು. ಕ್ಯಾಮೆರಾ ಕೂರಿಸಿದ ತಿಮ್ಮೇಶ, ಅಟ್ಟದಲ್ಲಿ ಯಾರಾದರೂ ಓಡಾಡಿದರೆ ತಿಳಿಯಲೆಂದು, ಇಬ್ಬರ ಫೋನಿಗೂ ಅದನ್ನು ಜೋಡಿಸಿ ಹೋಗಿದ್ದು ಆಗ ನೆನಪಾಯಿತು. ಅವಳ ಹೆಜ್ಜೆ ರೂಮಿಗೆ ಹೋಯಿತು, ಅಲ್ಲೇ ನಿಂತಿತು. ಕ್ಯಾಮೆರಾ ತನ್ನ ಬೆನ್ನ ಹಿಂದೆ ಇರುವುದು ಅವನ ಕತ್ತಿಗೆ ತಿಳಿಯುತ್ತಿತ್ತು.

"ಯಾರ್ ಜೊತೆ ಮಾತಾಡ್ತಿದೀರಿ?" ಕೆಳಗಿನಿಂದ ಅವಳು ಕೇಳಿದಳು.

ಕಾಯಿ ಕಿವಿಯ ಹತ್ತಿರವೇ ಇತ್ತು. ಅವನು ಮತ್ತೆ ಅಲ್ಲಾಡಿಸಿದ. ಒಳಗೆ ಏನೂ ಕದಲಲಿಲ್ಲ.