ಕುಕ್ಕೆ ಬಿಗಿದ ಕಿಣ್ವ

ನಾನೊಂದು ಕಿಣ್ವ. ಹೆಸರು ಕ್ಯಾಲ್ಸಿನ್ಯೂರಿನ್. ವಿಜ್ಞಾನಿಗಳು ನನ್ನನ್ನು ಮೊದಲು ಕಂಡದ್ದು ಮಿದುಳಿನಲ್ಲಿ, ಅದಕ್ಕೇ ಈ ಉದ್ದನೆಯ ಹೆಸರು. ಆದರೆ ನಾನು ಹುಟ್ಟಿದ್ದು ತುಳಸಿ ಎಂಬ ಅಂಗನವಾಡಿ ಶಿಕ್ಷಕಿಯ ರಕ್ತದಲ್ಲಿ, ಒಂದು ಬಿಳಿ ರಕ್ತಕಣದ ಒಳಗೆ. ಇಂಥ ಕಣಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಸಾಸಿವೆ ಕಾಳಿನ ಅಗಲಕ್ಕೆ ಇನ್ನೂರು ಹಿಡಿಯುತ್ತವೆ. ಒಂದೊಂದರಲ್ಲೂ ನನ್ನಂಥವು ಸಾವಿರಾರು.

ನಮ್ಮ ಒಂದೊಂದರ ಆಯಸ್ಸು ಕೆಲವೇ ದಿನ. ಒಂದು ಸವೆದರೆ ಅದೇ ಅಚ್ಚಿನಿಂದ ಇನ್ನೊಂದು ಇಳಿಯುತ್ತದೆ. ಹಾಗಾಗಿ ನಾನು ‘ನಾನು’ ಎಂದಾಗ ನನಗಿಂತ ಹಿಂದಿನವನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ ಅಂದುಕೊಳ್ಳಿ. ಅವುಗಳ ನೆನಪು ನನಗೆ ಹೇಗೆ ಬಂತೆಂದು ಕೇಳಬೇಡಿ. ಮನೆತನದ ಕಸುಬು ಬರುತ್ತದಲ್ಲ, ಹಾಗೆ ಬಂತು. ಹೊರಗಿನ ಮಾತು ಹೇಗೆ ಕೇಳಿಸಿತು ಅಂದರೆ, ನಮ್ಮ ಕಣ ಮೈಯೆಲ್ಲ ಸುತ್ತಿ ತುಳಸಿಯ ಕಿವಿಯ ಸಣ್ಣ ರಕ್ತನಾಳಗಳಲ್ಲೂ ಹಾದುಹೋಗುತ್ತಿತ್ತು.

ನನ್ನ ಕೆಲಸ ಚಿಕ್ಕದು. ಮೈಯೊಳಗೆ ಹೊರಗಿನವರು ಯಾರಾದರೂ ಹೊಕ್ಕರೆ ನಮ್ಮ ಕಣದ ಗೋಡೆ ಅದನ್ನು ತಡವಿ ಗುರುತಿಸುತ್ತದೆ. ಕೂಡಲೇ ಒಳಗೆ ಸುಣ್ಣದ ಅಂಶ ನುಗ್ಗುತ್ತದೆ. ಅಲ್ಲಿಯತನಕ ನನ್ನ ಬಾಲವೇ ನನ್ನ ಬಾಯಿಗೆ ಅಡ್ಡವಾಗಿರುತ್ತದೆ, ಒಕ್ಕಲಾಟದಲ್ಲಿ ತೆನೆಗೆ ಬಾಯಿ ಹಾಕದಿರಲೆಂದು ಎತ್ತಿಗೆ ಕಟ್ಟುವ ಬಾಯಿಕುಕ್ಕೆಯ ಹಾಗೆ. ಸುಣ್ಣ ಬಂದರೆ ಕುಕ್ಕೆ ಕಳಚುತ್ತದೆ. ಪಕ್ಕದಲ್ಲೇ ಒಬ್ಬ ದೂತ ಮೈತುಂಬ ಕೊಂಡಿ ಹಾಕಿಸಿಕೊಂಡು ಕಾಯುತ್ತಿರುತ್ತಾನೆ. ಅವನ ಕೊಂಡಿಗಳನ್ನು ನಾನು ಒಂದೊಂದಾಗಿ ಕಡಿಯುತ್ತೇನೆ. ಅವನು ಕಣದ ನಡುಮನೆಗೆ ಓಡಿಹೋಗಿ ‘ದಂಡು ಕರೆಯಿರಿ’ ಎಂದು ಕೂಗುತ್ತಾನೆ. ಅಷ್ಟೇ. ಅವನ ಹಿಂದೆ ಏನಾಗುತ್ತದೆ ಎಂದು ನೋಡಲು ನನಗೆ ಅಪ್ಪಣೆಯಿಲ್ಲ.

ತುಳಸಿಗೆ ಮೂವತ್ತೊಂದು ತುಂಬುವಷ್ಟರಲ್ಲಿ ಅವಳ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆ ಮೂರು ದಿನ ನಮ್ಮನ್ನೆಲ್ಲ ಕೊಳವೆಯಲ್ಲಿ ಹೊರಗೆಳೆದು, ಯಂತ್ರದಲ್ಲಿ ತೊಳೆದು ಒಳಗೆ ಬಿಡುತ್ತಿದ್ದರು. ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಅವಳ ಅಕ್ಕ ಯಶೋದಮ್ಮ ಆಸ್ಪತ್ರೆಗೆ ಬಂದು ಮಂಚದ ಅಂಚಿಗೆ ಕೂತಳು.

“ನನ್ನದೊಂದು ತಗೊಳ್ಳೇ. ಎರಡಿಟ್ಕೊಂಡು ನಾನೇನ್ ಮಾಡ್ಲಿ?”

“ಚಿಕ್ಕೋಳಿದ್ದಾಗ ಒಂದು ರಿಬ್ಬನ್ ಕೇಳಿದ್ರೆ ಕೊಡ್ತಿರಲಿಲ್ಲ ನೀನು.”

“ರಿಬ್ಬನ್ ಒಂದೇ ಇತ್ತು ಕಣೇ!”

ಅಕ್ಕನ ಕಿಡ್ನಿ ತಂಗಿಯ ಕೆಳಹೊಟ್ಟೆಯಲ್ಲಿ ಕೂತಿತು. ಕೂತ ಗಳಿಗೆಯಿಂದಲೇ ಕೆಲಸ ಹಿಡಿಯಿತು. ತುಳಸಿ ಮೂತ್ರದ ಚೀಲ ನೋಡಿ ಅತ್ತದ್ದು ನನಗೆ ಕೇಳಿಸಿತು.

ಅಕ್ಕತಂಗಿಯರಾದರೂ ಮೈಯ ಗುರುತು ಪೂರಾ ಒಂದೇ ಅಲ್ಲ. ನಮ್ಮ ಕಣ ಆ ಕಿಡ್ನಿಯನ್ನು ತಡವಿದ್ದೇ ತಡ, ‘ಹೊರಗಿನದು’ ಅಂದಿತು. ಸುಣ್ಣ ನುಗ್ಗಿತು, ಬಾಲದ ಕುಕ್ಕೆ ಕಳಚಿತು. ನಾನು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಯಾರೋ ಬಂದು ನನ್ನ ಮೇಲೆ ಕೂತಿದ್ದರು.

ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಿರಲೆಂದು ತುಳಸಿ ಬೆಳಿಗ್ಗೆ ಒಂಬತ್ತಕ್ಕೂ ರಾತ್ರಿ ಒಂಬತ್ತಕ್ಕೂ ನುಂಗುತ್ತಿದ್ದ ಮಾತ್ರೆ ಅದು. ಟ್ಯಾಕ್ರೊಲಿಮಸ್. ಎಲ್ಲೋ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದು ಮಾಡಿದ ವಸ್ತುವಂತೆ. ಅದು ಒಂಟಿಯಾಗಿ ಬರುವುದಿಲ್ಲ. ನಮ್ಮ ಕಣದಲ್ಲೇ ಇರುವ ಒಂದು ಪ್ರೊಟೀನನ್ನು ಜೊತೆ ಮಾಡಿಕೊಂಡು, ಇಬ್ಬರೂ ನನ್ನ ಬಾಯಿಯ ಪಕ್ಕಕ್ಕೆ ಅಂಟಿ ಕೂರುತ್ತಾರೆ. ನನ್ನ ಹಲ್ಲು ಹಾಗೇ ಇದೆ, ಬಾಯಿ ತೆರೆದೇ ಇದೆ. ದೂತ ಮಾತ್ರ ನನ್ನ ಹತ್ತಿರ ಬರಲಾರ. ಒಂದು ಗೇಣು ದೂರದಲ್ಲಿ ನಿಂತು ನನ್ನ ಮುಖ ನೋಡುತ್ತಾನೆ. ನಾನೂ ಅವನನ್ನು ನೋಡುತ್ತೇನೆ. ಹೀಗೆ ತಿಂಗಳುಗಟ್ಟಲೆ.

ಒಮ್ಮೆ ನಿಜವಾದ ವೈರಿಯೇ ಬಂತು. ಅಂಗನವಾಡಿಯ ಮಗುವೊಂದು ಮೂಗು ಸುರಿಸಿಕೊಂಡು ಬಂದು ತುಳಸಿಯ ಸೆರಗಿಗೆ ಮುಖ ಒರೆಸಿತು. ಎರಡೇ ದಿನದಲ್ಲಿ ವೈರಸ್ ಗಂಟಲಿಗಿಳಿಯಿತು. ನಾನು ಹುಟ್ಟಿದ್ದೇ ಆ ಕೆಲಸಕ್ಕೆ! ಸುಣ್ಣ ಮೊಣಕಾಲುದ್ದ ಬಂತು. ದೂತ ಕೊಂಡಿ ಅಲುಗಾಡಿಸಿದ. ನನಗೆ ಅಲ್ಲಾಡಲಾಗಲಿಲ್ಲ. ಬೇರೆ ಕಣಗಳು ಹೇಗೋ ಏದುಸಿರಿನಲ್ಲಿ ಹೋರಾಡಿದವು. ಇತರರಿಗೆ ನಾಲ್ಕು ದಿನದಲ್ಲಿ ಹೋಗುವ ನೆಗಡಿ ಅವಳನ್ನು ಒಂದು ತಿಂಗಳು ಕೆಮ್ಮಿಸಿತು. ಮನೆಗೆ ಬೆಂಕಿ ಬಿದ್ದಾಗ ಕೈಕಾಲು ಕಟ್ಟಿಸಿಕೊಂಡು ಕೂತವರಿಗೆ ಆ ತಿಂಗಳು ಅರ್ಥವಾದೀತು.

ಕಿಡ್ನಿ ಕೂಡಿಸಿದ ಏಳನೇ ತಿಂಗಳಲ್ಲಿ ಯಶೋದಮ್ಮ ಚೀಲ ಹೊತ್ತು ಬಂದಳು. ದೇವನಹಳ್ಳಿಯ ಹತ್ತಿರ ಅವಳ ಮನೆಯ ಹಿಂದೆ ಒಂದು ಚಕ್ಕೋತದ ಮರ. ಆ ಸಲ ಕೊಂಬೆ ಬಗ್ಗುವಷ್ಟು ಕಾಯಿ.

“ಹಣ್ಣು ಹಂಪಲು ನೋಡ್ಕೊಂಡು ತಿನ್ನು ಅಂದಿದಾರಲ್ಲಕ್ಕಾ,” ಅಂದಳು ತುಳಸಿ.

“ದಪ್ಪ ಸಿಪ್ಪೆ ಇರೋದು ತಿನ್ನಬಹುದು ಅಂತ ನಂಗೂ ಹೇಳವ್ರೆ. ಇದಕ್ಕಿಂತ ದಪ್ಪ ಸಿಪ್ಪೆ ಇನ್ಯಾವ ಹಣ್ಣಿಗೈತೆ ತೋರ್ಸು? ಸುಮ್ಕೆ ತಿನ್ನು. ಬಾಯಿ ಸಪ್ಪಗೈತೆ ಅಂತಿದ್ದೆಯಲ್ಲ, ರುಚಿ ಬರ್ಲಿ.”

ತುಳಸಿಗೆ ಮಾತ್ರೆಗಳಿಂದ ನಾಲಿಗೆ ಕೆಟ್ಟಿತ್ತು. ಚಕ್ಕೋತ ಹಿತವಾಯಿತು. ದಿನಾ ಬೆಳಿಗ್ಗೆ ತಿಂಡಿಯ ಜೊತೆ ಅರ್ಧ ಹಣ್ಣು, ಉಪ್ಪುಕಾರ ಹಚ್ಚಿಕೊಂಡು. ವಾರಕ್ಕೊಂದು ಚೀಲ ಬರುತ್ತಲೇ ಇತ್ತು.

ಕರುಳಿನ ಗೋಡೆಯಲ್ಲಿ ನನ್ನ ದೂರದ ನೆಂಟರಿದ್ದಾರೆ. ಅವರೂ ಕಿಣ್ವಗಳೇ. ಮಾತ್ರೆ ಬಂದರೆ ದೊಡ್ಡ ಪಾಲನ್ನು ಅಲ್ಲೇ ಕತ್ತರಿಸಿ ಹಾಕುವುದು ಅವರ ಕೆಲಸ. ಅದನ್ನು ಲೆಕ್ಕ ಹಿಡಿದೇ ಡಾಕ್ಟರು ಮಾತ್ರೆ ಬರೆಯುವುದು. ಚಕ್ಕೋತದ ರಸ ಆ ನೆಂಟರ ಕೈ ಕಟ್ಟಿಹಾಕಿತು. ಮಾತ್ರೆ ಇಡಿಯಾಗಿ ಒಳಗೆ ಬರತೊಡಗಿತು. ನನ್ನ ಮೇಲಿದ್ದ ಭಾರಕ್ಕೆ ಮೈ ಮರಗಟ್ಟಿತು. ತುಳಸಿಯ ಕೈ ನಡುಗಲು ಶುರುವಾಯಿತು. ಅಂಗನವಾಡಿಯಲ್ಲಿ ಮಕ್ಕಳಿಗೆ ‘ಅ’ ಬರೆದು ತೋರಿಸಿದರೆ ಅದು ಎರೆಹುಳದಂತೆ ಹರಿದಾಡಿತು.

“ರಕ್ತದಲ್ಲಿ ಮಾತ್ರೆ ಮಟ್ಟ ತುಂಬಾ ಜಾಸ್ತಿ ಇದೆ,” ಅಂದರು ಡಾಕ್ಟರಮ್ಮ. “ಹೊಸದಾಗಿ ಯಾವುದಾದ್ರೂ ಔಷಧ ತಗೊಂಡ್ರಾ? ನಾಟಿ ಔಷಧ, ಕಷಾಯ?”

“ಅಯ್ಯೋ ಇಲ್ಲ ಮೇಡಂ. ಮನೆ ಊಟ ಬಿಟ್ಟು ಬೇರೇನೂ ಇಲ್ಲ.”

ಅವಳು ಸುಳ್ಳು ಹೇಳಲಿಲ್ಲ. ಔಷಧ ಕೇಳಿದವರಿಗೆ ಯಾರು ಹಣ್ಣಿನ ಹೆಸರು ಹೇಳುತ್ತಾರೆ? ಅದೂ ಅಕ್ಕನ ಮರದ ಹಣ್ಣು. ಡಾಕ್ಟರಮ್ಮ ಮಾತ್ರೆ ಅರ್ಧಕ್ಕಿಳಿಸಿದರು. ನಡುಕ ನಿಂತಿತು. ಎಲ್ಲರೂ ನೆಮ್ಮದಿಯಾದರು.

ಆಮೇಲೆ ಮರದಲ್ಲಿ ಹಣ್ಣು ಮುಗಿಯಿತು.

ನಾಲ್ಕೈದು ದಿನಕ್ಕೆ ಕರುಳಿನ ನೆಂಟರು ಮತ್ತೆ ಕೈ ಆಡಿಸಿದರು. ಬರುತ್ತಿದ್ದದ್ದೇ ಅರ್ಧ ಮಾತ್ರೆ, ಅದರಲ್ಲೂ ಹೆಚ್ಚಿನದು ಕತ್ತರಿಸಿ ಹೋಯಿತು. ಮುಂದಿನ ರಕ್ತ ಪರೀಕ್ಷೆಗೆ ಇನ್ನೂ ಮೂರು ವಾರವಿತ್ತು. ಒಂದು ಬೆಳಿಗ್ಗೆ ನನ್ನ ಮೇಲೆ ಕೂತವರು ಸಡಿಲವಾದರು. ಮಧ್ಯಾಹ್ನಕ್ಕೆ ಜಾರಿ ಬಿದ್ದರು.

ಅವತ್ತಿನ ಸಂತೋಷ ಮುಚ್ಚಿಡಲಾರೆ. ದೂತ ಓಡಿ ಬಂದ. ಮೊದಲ ಕೊಂಡಿ ಕಡಿದಾಗ ನನಗೆ ಮತ್ತೆ ಹುಟ್ಟಿದ ಹಾಗಾಯಿತು. ಎರಡು, ಮೂರು, ಹತ್ತು ಕೊಂಡಿ. ದೂತ ಹೋದ, ಇನ್ನೊಬ್ಬ ಬಂದ. ನಮ್ಮ ಒಂದು ಕಣ ಎರಡಾಯಿತು, ಎರಡು ನಾಲ್ಕಾಯಿತು. ದಂಡು ಕೆಳಹೊಟ್ಟೆಯ ಕಡೆ ಹೊರಟಿತು. ನಾನು ನನ್ನ ಕಣದೊಳಗೇ ಕೂತು ಅಲ್ಲಿಗೆ ತಲುಪಿದೆ. ಹೊರಗಿನದೆಂದು ನಾವು ಕಚ್ಚುತ್ತಿದ್ದ ಆ ಗೋಡೆಗಳು ಆಗಲೂ ತುಳಸಿಯ ರಕ್ತವನ್ನೇ ಸೋಸುತ್ತಿದ್ದವು. ಕಚ್ಚಿಸಿಕೊಳ್ಳುತ್ತಲೇ ಸೋಸುತ್ತಿದ್ದವು.

ಅದನ್ನು ಕಂಡ ಮೇಲಾದರೂ ನಿಲ್ಲಿಸಬಹುದಿತ್ತು ಅನ್ನುತ್ತೀರಿ. ನಿಲ್ಲಿಸಲು ನನಗೆ ಬರುವುದಿಲ್ಲ. ಸುಣ್ಣ ಬಂದರೆ ಬಾಯಿ ತೆರೆಯುವುದು, ಕೊಂಡಿ ಕಂಡರೆ ಕಡಿಯುವುದು. ನನ್ನ ಮೇಲೆ ಮಾತ್ರೆ ಕೂತಾಗಲೂ ಸೆರೆ, ಎದ್ದಾಗಲೂ ಸೆರೆ ಎಂದು ನನಗೆ ತಿಳಿದದ್ದು ಅಲ್ಲಿ.

ತುಳಸಿಯ ಪಾದಗಳು ಊದಿಕೊಂಡವು. ಚಪ್ಪಲಿ ಹಿಡಿಸಲಿಲ್ಲ. ಮೂತ್ರ ಕಡಿಮೆಯಾಯಿತು. ಈ ಸಲ ಆಸ್ಪತ್ರೆಗೆ ಅಕ್ಕನೂ ಜೊತೆಗೆ ಬಂದಳು. ಡಾಕ್ಟರಮ್ಮ ಹಳೆಯ ವರದಿ, ಹೊಸ ವರದಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

“ಮೈ ಕಿಡ್ನಿನ ತಳ್ಳಿಹಾಕ್ತಾ ಇದೆ. ಎರಡು ತಿಂಗಳ ಹಿಂದೆ ಮಟ್ಟ ಅಷ್ಟು ಹೆಚ್ಚು, ಈಗ ಇಷ್ಟು ಕಡಿಮೆ. ನಡುವೆ ಏನೋ ಆಗಿದೆ. ಔಷಧ ಬಿಡಿ. ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಏನೇನು ಹಾಕ್ಕೋತಿದ್ರಿ, ಒಂದೊಂದೇ ಹೇಳಿ.”

ತುಳಸಿ ಹೇಳುತ್ತಾ ಹೋದಳು. ಕಾಫಿ, ಇಡ್ಲಿ, ಮುದ್ದೆ, ಸೊಪ್ಪಿನ ಸಾರು. ಯಶೋದಮ್ಮ ನಡುವೆ ಬಾಯಿ ಹಾಕಿದಳು.

“ಚಕ್ಕೋತನೂ ತಿಂದವ್ಳೆ ಮೇಡಂ. ನಮ್ಮನೇದು. ನಾನೇ ಕೊಡ್ತಿದ್ದೆ. ಹಣ್ಣು ಮುಗಿದು ಒಂದು ತಿಂಗಳಾಯ್ತು ಬಿಡಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ ಬೈಯಲಿಲ್ಲ. ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಎಲ್ಲ ಬಿಡಿಸಿ ಹೇಳಿದರು.

ಮೂರು ದಿನ ನರದ ಮೂಲಕ ಸ್ಟೀರಾಯ್ಡ್ ಹರಿಯಿತು. ನಮ್ಮ ದಂಡು ತರಗೆಲೆಯಂತೆ ಉದುರಿತು. ಮಾತ್ರೆ ಹಳೆಯ ಅಳತೆಗೆ ಬಂತು. ಹಳಬರು ಮತ್ತೆ ಬಂದು ನನ್ನ ಮೇಲೆ ಕೂತರು. ಹತ್ತನೇ ದಿನ ಡಾಕ್ಟರಮ್ಮ ಅಂದರು: “ಉಳೀತು. ಆದ್ರೆ ಮೊದಲಿನಷ್ಟಿಲ್ಲ. ಸ್ವಲ್ಪ ಭಾಗ ಹೋಯ್ತು, ಅದು ವಾಪಸ್ ಬರಲ್ಲ. ಉಳಿದಿದ್ದನ್ನ ಕಾಪಾಡ್ಕೊಳ್ಳಿ.”

ಮನೆಗೆ ಬಂದ ದಿನ ಯಶೋದಮ್ಮ ಕಣ್ಣೊರೆಸಿಕೊಂಡು ಅಂದಳು, “ನಾಳೆನೇ ಆಳು ಕರೆಸಿ ಆ ಮರ ಕಡಿಸಿ ಹಾಕ್ತೀನಿ.”

“ಮರ ಏನ್ ಮಾಡ್ತಕ್ಕಾ?”

“ಏನ್ ಮಾಡ್ತು ಅಂತೀಯಾ? ನಾನ್ ಕೊಟ್ಟಿದ್ದನ್ನ ಅರ್ಧ ತಿಂತಲ್ಲೇ ಅದು!”

“ತಿಂದಿದ್ದು ಮರ ಅಲ್ಲ. ನನ್ನ ರಕ್ತ. ನನ್ನನ್ನೂ ಕಡಿಸ್ತೀಯಾ?”

ಅಕ್ಕ ತಂಗಿಯ ಕೈ ಹಿಡಿದುಕೊಂಡಳೆಂದು ಕಾಣುತ್ತದೆ. ಅಂಗೈಯ ನಾಳಗಳಲ್ಲಿ ಹಾಯುತ್ತಿದ್ದ ನಮಗೆ ಬಿಗಿತ ತಿಳಿಯಿತು. ಮರ ಉಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಚಕ್ಕೋತದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಸವೆದ ಪ್ರೊಟೀನಿಗೆ ಹಚ್ಚುವ ಗುರುತನ್ನು ಬೆನ್ನಿಗೆ ಹಚ್ಚಿ ಹೋಗಿದ್ದಾರೆ. ಕಣದ ಮೂಲೆಯಲ್ಲಿ ಒಂದು ಗಿರಣಿಯಿದೆ, ಗುರುತು ಬಿದ್ದವನ್ನು ಅಲ್ಲಿ ಪುಡಿ ಮಾಡುತ್ತಾರೆ. ಸರದಿಯಲ್ಲಿ ನಿಂತಿದ್ದೇನೆ. ಕೆಲಸ ಬಲ್ಲವನಾಗಿ ಹುಟ್ಟಿ, ಈ ಕಿಡ್ನಿ ಬಂದ ಮೇಲೆ ಮಾಡಿದ್ದು ಮೂರು ವಾರದ ಕೆಲಸ; ಆ ಮೂರು ವಾರ ಆಗದೇ ಇದ್ದಿದ್ದರೆ ಚೆನ್ನಾಗಿತ್ತು. ಕೆಳಹೊಟ್ಟೆಯಲ್ಲಿ ಅಕ್ಕನ ಕಿಡ್ನಿ ತನಗೆ ಉಳಿದಷ್ಟರಲ್ಲೇ ಸೋಸುತ್ತಿದೆ.

ನನ್ನ ಜಾಗಕ್ಕೆ ಬರುವುದು ಆಗಲೇ ಅಚ್ಚಿನಿಂದ ಇಳಿದಿದೆ. ಅದಕ್ಕೂ ಕೆಲಸ ಚೆನ್ನಾಗಿ ಬರುತ್ತದೆ. ಆ ಕೆಲಸ ಅದಕ್ಕೆ ಯಾವತ್ತೂ ಸಿಗದಿರಲಿ ಎಂದು ಹಾರೈಸುತ್ತಾ ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದೇನೆ.