ಸೀಟಿನಡಿ ಸಿಕ್ಕ ಗಿಡಗಳು

ಮೈಸೂರಿನಿಂದ ಬಂದ ಬಸ್ಸು ಮಳವಳ್ಳಿಯಲ್ಲಿ ಖಾಲಿಯಾದ ಮೇಲೆ ಕಂಡಕ್ಟರ್ ರಂಜಿತ ಎಂದಿನಂತೆ ಸೀಟುಗಳ ಅಡಿ ಬಗ್ಗಿ ನೋಡಿದಳು. ಕೊಡೆ, ಊಟದ ಡಬ್ಬಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ ಸಿಕ್ಕಿದ್ದುಂಟು. ಆ ದಿನ ಸಿಕ್ಕಿದ್ದು ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲ. ಒಳಗೆ ನೀರು, ನೀರಲ್ಲಿ ಮೂರು ಥರದ ಗಿಡ.

ನಿಲ್ದಾಣದ ಕಂಟ್ರೋಲರ್ ನಾಗರಾಜು ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು. "ರಿಜಿಸ್ಟ್ರಲ್ಲಿ ಏನಂತ ಬರೀಲಮ್ಮ? ಸೊಪ್ಪು ಅಂತ್ಲಾ? ಎಸ್ದುಬುಡು."

"ಸೊಪ್ಪಲ್ಲ ಸಾರ್, ಮೀನಿನ ತೊಟ್ಟೀಲಿ ಬೆಳ್ಸೋ ಗಿಡ. ಯಾರೋ ಆಸೆಪಟ್ಟು ತಂದವ್ರೆ. ಕೇಳ್ಕೊಂಡು ಬಂದ್ರೆ ನನ್ ನಂಬರ್ ಕೊಡಿ."

ಮನೆಯಲ್ಲಿ ಅವ್ವ ಬೆಟ್ಟಮ್ಮ ಚೀಲ ನೋಡಿದ್ದೇ ತಡ, ಸೊಂಟದ ಮೇಲೆ ಕೈಯಿಟ್ಟಳು. "ಗದ್ದೇಲಿ ಕಳೆ ಕಿತ್ತೂ ಕಿತ್ತೂ ನನ್ ಸೊಂಟ ಬಿದ್ದೋಗದೆ. ನೀನು ಕಳೇನ ಮನೇಗೇ ತತ್ತೀಯಲ್ಲೇ!" ಹಾಗಂದವಳೇ ಬಿಳಿ ಟಬ್ಬೊಂದನ್ನು ತೊಳೆದುಕೊಟ್ಟಳು. ರಂಜಿತ ತಳಕ್ಕೆ ಮರಳು ಹಾಸಿ, ಮೂರನ್ನೂ ಕತ್ತಿನವರೆಗೆ ಹೂತು, ನೀರು ತುಂಬಿ ಬಿಸಿಲಿಗಿಟ್ಟಳು.

ಒಂದೇ ವಾರಕ್ಕೆ ಒಂದು ಗಿಡದ ಎಲೆಯೆಲ್ಲ ಕರಗಿ ಲೋಳೆಯಾಯಿತು, ಇನ್ನೊಂದರ ಕಾಂಡ ಮೆತ್ತಗಾಯಿತು. ನೀರಿಗೆ ಪಾಚಿ ಹತ್ತಿತು. ರಂಜಿತ ಫೋನಿನಲ್ಲಿ ಟಬ್ಬಿನ ಫೋಟೋ ತೆಗೆದುಕೊಂಡಳು. ತನ್ನದಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಇದು ಬೇರೆಯವರ ಒಡವೆ! ವಾರದ ರಜೆಗೆ ಮಂಡ್ಯಕ್ಕೆ ಹೋಗಿ, ಬಣ್ಣದ ಮೀನು ಮಾರುವ ಪ್ರಸನ್ನನಿಗೆ ಫೋನಿನಲ್ಲಿದ್ದ ಫೋಟೋ ತೋರಿಸಿದಳು.

"ಅಯ್ಯೋ ಅಕ್ಕ, ಜೀವಂತ ಸಮಾಧಿ ಮಾಡ್ಬುಟ್ಟಿದ್ದೀರಲ್ಲ!" ಎಂದು ಅವನು ನಕ್ಕ. "ಈ ದಪ್ಪ ಎಲೇದು ಅನುಬಿಯಾಸ್. ಶುಂಠಿ ಥರ ಕಾಂಡ ಅದೆಯಲ್ಲ, ಅದು ಮರಳೊಳಗೆ ಹೋದ್ರೆ ಕೊಳೀತದೆ. ಕಲ್ಲಿಗೆ ದಾರದಲ್ಲಿ ಕಟ್ಟಿ. ರಿಬ್ಬನ್ ಥರದ್ದು ವ್ಯಾಲಿಸ್ನೇರಿಯಾ, ಅದ್ರ ಬೇರು ಮಾತ್ರ ಮರಳಲ್ಲಿರ್ಲಿ, ಬುಡ ಮೇಲಿರ್ಲಿ."

"ಈ ಕರಗೋಗಿರೋದು?"

"ಅದು ಜಾಗ ಬದ್ಲಾದ್ರೆ ಮುನಿಸ್ಕೊಂಡು ಎಲೆ ಉದುರ್ಸ್ತದೆ. ಬೇರು ಗಟ್ಟಿಯಾಗಿದ್ರೆ ಕೀಳ್ಬ್ಯಾಡಿ, ಚಿಗುರ್ತದೆ. ಬಿಸ್ಲಿಂದ ನೆಳ್ಳಿಗೆ ತನ್ನಿ. ವಾರಕ್ಕೊಂದಪ ಒಂದು ಪಾಲು ನೀರು ಚೆಲ್ಲಿ, ಇಡೀ ದಿನ ತುಂಬಿಟ್ಟಿರೋ ನಲ್ಲಿ ನೀರು ಬುಡಿ."

ರಂಜಿತ ಅವನು ಹೇಳಿದಂತೆಯೇ ಮಾಡಿದಳು. ಬೋಳಾಗಿದ್ದ ಗಿಡವನ್ನು ನೋಡಿ ಬೆಟ್ಟಮ್ಮ ದಿನವೂ "ಸತ್ತೋಗದೆ, ಕಿತ್ತಾಕು" ಅನ್ನುವಳು. ಆದರೆ ಮಗಳು ಕೆಲಸಕ್ಕೆ ಹೋದಾಗ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ಇಣುಕುವವಳೂ ಅವಳೇ.

ಮೂರು ವಾರ ಕಳೆದಿರಬೇಕು. ತುಂಬಿದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದಾಗ ರಂಜಿತಳ ಫೋನು ಬಡಿದುಕೊಂಡಿತು. "ಲೇ, ಚಿಗುರ್ಕೊಂಡದೆ ಕಣೇ! ಇಲೀ ಕಿವಿಯಂಗೆ ಎರಡು ಎಲೆ!"

"ಹೌದಾ ಅವ್ವಾ! ನೀರಲ್ಲೇ ಚಿಗುರ್ತಾ?" ಎಂದು ರಂಜಿತ ಕೂಗಿದ ರಭಸಕ್ಕೆ, ಕಿರುಗಾವಲು ಕೇಳಿದವರಿಗೆ ಬನ್ನೂರಿನ ಟಿಕೆಟ್ ಬಂತು.

ಆ ಟಿಕೆಟ್ ಹಿಡಿದಿದ್ದ ಹಿರಿಯರು ತಪ್ಪನ್ನು ಗಮನಿಸಲೇ ಇಲ್ಲ. "ನೀರಲ್ಲಿ ಚಿಗುರೋ ಗಿಡ ಯಾವುದಮ್ಮಾ?" ಎಂದರು. ಅವರು ಕಿರುಗಾವಲಿನ ಪಾರ್ಥಸಾರಥಿ, ನಿವೃತ್ತ ಸಂಸ್ಕೃತ ಮೇಷ್ಟ್ರು. ಗಿಡದ ಚೀಲ ಅವರದೇ. ಮೈಸೂರಿನ ಸಿಟಿ ಬಸ್ಸಿನಲ್ಲಿ ಬಿಟ್ಟೆನೆಂದುಕೊಂಡು ಅಲ್ಲೆಲ್ಲ ವಿಚಾರಿಸಿ ಸುಮ್ಮನಾಗಿದ್ದರು.

ಭಾನುವಾರ ಅವರು ರಂಜಿತಳ ಮನೆಗೆ ಬಂದರು. ಟಬ್ಬಿನ ಮುಂದೆ ಬಗ್ಗಿ, ಮೂರು ಗಿಡಗಳನ್ನೂ ರಿಬ್ಬನ್ ಗಿಡದ ಪಕ್ಕ ಹೊಸದಾಗಿ ಎದ್ದಿದ್ದ ಮರಿಯನ್ನೂ ಬೆರಳಿಟ್ಟು ಎಣಿಸಿದರು.

"ಇದಕ್ಕೆ ಮೊದಲು ಮೂರು ಸಲ ತಂದು ಮೂರು ಸಲವೂ ಸಾಯಿಸಿದೀನಮ್ಮ. ಮೀನು ತಿಂದುಬಿಟ್ಟವು ಅಂತ ನನ್ನ ಹೆಂಡತಿ ಶ್ರೀಮತಿಗೆ ಸುಳ್ಳು ಹೇಳ್ದೆ. ನಾಲ್ಕನೇ ಸಲ ಬಸ್ಸಲ್ಲಿ ಕಳ್ಕೊಂಡೆ ಅಂದಾಗ, 'ಸದ್ಯ, ಆ ಗಿಡಗಳಾದರೂ ಬದುಕಿಕೊಂಡವು' ಅಂದ್ಲು."

ರಂಜಿತ ಎಲ್ಲವನ್ನೂ ಚೀಲಕ್ಕೆ ತುಂಬಲು ಹೋದಳು. ಬೆಟ್ಟಮ್ಮ ಅಡ್ಡ ಬಂದಳು. "ತಾಯಿ ಗಿಡ ನಿಮ್ದು, ಬ್ಯಾಡ ಅನ್ನಕಿಲ್ಲ. ಮರಿ ಒಡೆದಿರೋದು ನಮ್ಮನೇಲಿ ಮೇಷ್ಟ್ರೇ, ಅದು ನಮಗಿರ್ಲಿ."

"ನ್ಯಾಯ" ಎಂದರು ಮೇಷ್ಟ್ರು. ಆಮೇಲೆ ಸಂಕೋಚದಿಂದ ರಂಜಿತಳತ್ತ ತಿರುಗಿದರು. "ನೀನೇ ಬಂದು ನೆಟ್ಟುಕೊಡ್ತೀಯಾ? ನನ್ನ ಕೈ ನನಗೇ ನಂಬಿಕೆಯಿಲ್ಲ."

ಕಿರುಗಾವಲಿನ ಆ ಮನೆಯಲ್ಲಿ ತೊಟ್ಟಿಯ ನೀರು ಹೆಸರುಕಾಳು ನೆನೆಹಾಕಿದಂತೆ ಹಸಿರಾಗಿತ್ತು. ಬೆಳಿಗ್ಗೆ ಮೇಷ್ಟ್ರು ಎದ್ದಾಗ ಹತ್ತಿದ ತೊಟ್ಟಿಯ ದೀಪ ಅವರು ಮಲಗುವ ತನಕ ಆರುತ್ತಿರಲಿಲ್ಲವಂತೆ.

"ಗಿಡಕ್ಕೂ ಕಣ್ಮುಚ್ಚಕೆ ಬುಡ್ಬೇಕು ಮೇಷ್ಟ್ರೇ. ದಿನಕ್ಕೆ ಏಳು ಗಂಟೆ ಹೊತ್ತು ಉರುದ್ರೆ ಸಾಕು ಅಂತ ಮೀನಂಗಡಿ ಪ್ರಸನ್ನ ಹೇಳವ್ನೆ. ಮೀನಿಗೂ ಅಷ್ಟೊಂದು ತಿಂಡಿ ಸುರೀಬ್ಯಾಡಿ, ಮಿಕ್ಕಿದ್ದೆಲ್ಲ ಪಾಚಿಗೇ ಊಟ" ಎಂದು ರಂಜಿತ ಕಲ್ಲಿಗೆ ದಾರ ಸುತ್ತತೊಡಗಿದಳು. ನಲವತ್ತು ವರ್ಷ ಮಕ್ಕಳ ಕಿವಿ ಹಿಂಡಿದವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಶ್ರೀಮತಿಯವರಿಗೆ ನಗು ತಡೆಯಲಾಗಲಿಲ್ಲ.

ಎರಡು ತಿಂಗಳಲ್ಲಿ ನೀರು ತಿಳಿಯಾಗಿ, ರಿಬ್ಬನ್ ಎಲೆಗಳು ತೊಟ್ಟಿಯ ಮೇಲಂಚು ಮುಟ್ಟಿದವು. ಅದುವರೆಗೆ ಹುಟ್ಟಿದ ಮೀನುಮರಿಗಳನ್ನೆಲ್ಲ ದೊಡ್ಡ ಮೀನುಗಳೇ ನುಂಗುತ್ತಿದ್ದವು. ಈಗ ಎಲೆಗಳ ಮರೆಯಲ್ಲಿ ಎಳ್ಳುಕಾಳಿನ ಗಾತ್ರದ ಕಣ್ಣುಗಳು ಓಡಾಡುವುದನ್ನು ಮೊದಲು ಕಂಡವರು ಶ್ರೀಮತಿ. ಅವರು ಗಂಡನನ್ನು ಕೂಗಲಿಲ್ಲ. ಎಂದೂ ಮುಖ ನೋಡದ ಬೆಟ್ಟಮ್ಮನಿಗೆ ಫೋನು ಹಚ್ಚಿದರು.

"ಹನ್ನೊಂದು ಮರಿ ಕಣ್ರೀ ಬೆಟ್ಟಮ್ಮ, ಎಣಿಸಿದೆ!"

"ಇನ್ನೊಂದಪ ಎಣ್ಸವ್ವ, ಬೇರಿನ ಸಂದೀಲೂ ಇರ್ತವೆ" ಎಂದಳು ಬೆಟ್ಟಮ್ಮ, ಸ್ಟವ್ ಆರಿಸಿ, ಗೋಡೆಗೆ ಒರಗಿ ಕೂರುತ್ತ.