ಕಾಟಿಪಳ್ಳದ ವೈರ್‌ಲೆಸ್ಟರ್

ಸಂಜೆ ಏಳೂವರೆಗೆ ಕ್ಯಾರಲ್ ಯಾರೋ ಅಪರಿಚಿತರ ಮುಂದೆ ಭಿನ್ನರಾಶಿ ಕಲಿಸಿ ತೋರಿಸಬೇಕಿತ್ತು. ಹಿಡಿಸಿದರೆ ಮನೆಯಿಂದಲೇ ಆನ್‌ಲೈನ್ ಪಾಠ ಹೇಳುವ ಕೆಲಸ. ಅವಳು ಕಲಿಸುತ್ತಿದ್ದ ಶಾಲೆ ಮುಚ್ಚಿದ ಮೇಲೆ ಬಂದ ಮೊದಲ ಕರೆ ಇದು. ಲ್ಯಾಪ್‌ಟಾಪು ನೋಡಿದರೆ, ವೈ-ಫೈ ಎಂಬ ಹೆಸರನ್ನೇ ಕೇಳಿಲ್ಲದ ಹಾಗೆ ಕೂತಿತ್ತು.

ಅದು ಹಾಗೆ ಕೂರಲು ಕಾರಣ ಚಿಕ್ಕಪ್ಪನ ಮಗ ಲೆಸ್ಟರ್. ಮುದಿ ಲ್ಯಾಪ್‌ಟಾಪಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ಕುದುರೆಯ ಹಾಗೆ ಓಡುತ್ತದೆ ಎಂದು ಬೆಳಿಗ್ಗೆ ಹಾಕಿಕೊಟ್ಟಿದ್ದ. ಕುದುರೆ ಓಡಿತು, ದಾರಿ ಮಾತ್ರ ಕಾಣದು. ಒಳಗಿನ ವೈರ್‌ಲೆಸ್ ಕಾರ್ಡನ್ನು ಎಬ್ಬಿಸಲು ಒಂದು ಫೈಲು ಬೇಕು, ಫೈಲು ಇರುವುದು ಇಂಟರ್ನೆಟ್ಟಿನಲ್ಲಿ, ಇಂಟರ್ನೆಟ್ಟು ಬರಬೇಕಾದರೆ ಕಾರ್ಡು ಏಳಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಮುರಕಲ್ಲಿನ ಗೋಡೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಇಬ್ಬರೂ ಲ್ಯಾಪ್‌ಟಾಪು ಹೊತ್ತು ಹಿತ್ತಿಲಿನ ಬಾವಿಕಟ್ಟೆಗೆ ಹೋದರು. ಲೆಸ್ಟರ್ ತನ್ನ ಫೋನನ್ನು ಕೇಬಲಿನಿಂದ ಜೋಡಿಸಿ, ಅದರ ನೆಟ್ಟಿನಲ್ಲೇ ಫೈಲು ಇಳಿಸತೊಡಗಿದ. ಪರದೆಯ ಮೇಲೆ ಸಾಲುಗಳು ಓಡಿದಂತೆ ಅವನು ಸಿಟಿ ಬಸ್ಸಿನ ಕಂಡಕ್ಟರನಾದ: "ಸುರತ್ಕಲ್, ಕುಳಾಯಿ, ಬೈಕಂಪಾಡಿ, ಪಣಂಬೂರು... ರೈಟ್, ಪೋಯಿ." ಮೂಗಿನ ದನಿ ಎಷ್ಟು ಸರಿಯಾಗಿತ್ತೆಂದರೆ ಪಕ್ಕದ ಮನೆಯ ಕುಶಲಕ್ಕ ಬೇಲಿಯಾಚೆಯಿಂದ ತಲೆ ಎತ್ತಿ ನೋಡಿದರು. ಕ್ಯಾರಲ್‌ಗೆ ನಗು ಬರಲಿಲ್ಲ.

"ನೀನು ಲೆಸ್ಟರ್ ಅಲ್ಲ ಮಾರಾಯ, ವೈರ್‌ಲೆಸ್ಟರ್. ಇವತ್ತು ಇದು ಆಗದಿದ್ರೆ ನನ್ನ ಕೆಲಸ ಹೋಯ್ತು."

ಫೈಲು ಇಳಿಯಿತು. ಒಳಗೆ ಬಂದು ಲ್ಯಾಪ್‌ಟಾಪು ಆರಿಸಿ ಮತ್ತೆ ಹಾಕುವಾಗ ಏಳು ದಾಟಿತ್ತು. ವೈ-ಫೈ ಚಿಹ್ನೆಯೇನೋ ಮೂಡಿತು, ಮನೆಯ ನೆಟ್‌ವರ್ಕು ಮಾತ್ರ ಇಲ್ಲ. ಫೈಲೇ ತಪ್ಪಿರಬೇಕು, ಎಲ್ಲ ಅಳಿಸಿ ಮೊದಲಿನಿಂದ ಹಾಕುತ್ತೇನೆ ಎಂದು ಲೆಸ್ಟರ್ ಕೀಲಿಮಣೆಗೆ ಕೈ ಹಾಕಿದ.

ಕ್ಯಾರಲ್ ಅವನ ಕೈ ಹಿಡಿದಳು. ಪರದೆಯಲ್ಲಿ ಕುಶಲಕ್ಕನ ಮನೆಯ ವೈ-ಫೈ ಹೆಸರಿತ್ತು, ಎದುರುಮನೆಯ ಸುಜಿತನದೂ ಇತ್ತು.

"ನಿಲ್ಲು. ದೂರದ್ದು ಕಾಣ್ತದೆ, ಹತ್ತಿರದ್ದು ಕಾಣುದಿಲ್ಲ. ಕಾರ್ಡಿಗೆ ಎಂತ ಆಗ್ಲಿಲ್ಲ. ನಮ್ಮ ಮನೆಯದ್ದೇ ಬಂದ್ ಉಂಟು."

ಆಗ ಹೊರಕೋಣೆಯಿಂದ ಅವಳ ಮಮ್ಮಿ ರೊಸಾಲಿನರ ದನಿ ಕಿವಿಗೆ ಬಿತ್ತು. ತೇರ್ಸ್, ಸಂಜೆಯ ಜಪಮಾಲೆ. ಹಿಂದೆಲ್ಲ ಆ ಹೊತ್ತಿಗೆ ಟಿವಿ ಆರುತ್ತಿತ್ತು. ಎಲ್ಲರ ಕೈಗೂ ಫೋನು ಬಂದ ಮೇಲೆ ಮಮ್ಮಿ ವೈ-ಫೈ ಡಬ್ಬಿಯ ಸ್ವಿಚ್ಚನ್ನೇ ಆರಿಸುತ್ತಿದ್ದರು. ದಿನವೂ ಅವರ ಪಕ್ಕ ಮೊಣಕಾಲೂರುವ ಕ್ಯಾರಲ್ ಇವತ್ತೇ ಅದನ್ನು ಮರೆತಿದ್ದಳು.

ತೇರ್ಸಿನ ನಡುವೆ ಮಾತಾಡುವ ಹಾಗಿಲ್ಲ. ಅವಳು ಹೋಗಿ ಮೊಣಕಾಲೂರಿ, ಕಣ್ಣಲ್ಲೇ ಡಬ್ಬಿ ತೋರಿಸಿದಳು. ಮಮ್ಮಿ ಮಣಿ ಬಿಡಲಿಲ್ಲ, ಪ್ರಾರ್ಥನೆ ನಿಲ್ಲಿಸಲಿಲ್ಲ. ಎಡಗೈ ಚಾಚಿ ಸ್ವಿಚ್ಚು ಒತ್ತಿದರು. ಹಸಿರು ದೀಪ ಮಿನುಗಿದ ಮೇಲೆ ಕೋಣೆಯ ಕಡೆಗೆ ಗದ್ದ ಆಡಿಸಿದರು, ಹೋಗು ಎಂಬಂತೆ. ಅಲ್ಲಿಂದಾಚೆಗಿನ ಪ್ರಾರ್ಥನೆಯೆಲ್ಲ ಪಿಸುದನಿಯಲ್ಲೇ ಸಾಗಿತು.

ಏಳೂವರೆಗೆ ಪರದೆಯಲ್ಲಿ ಪರೀಕ್ಷಿಸುವ ಹೆಂಗಸೂ ಐದನೇ ಕ್ಲಾಸಿನ ಹನಾನ್ ಎಂಬ ಹುಡುಗಿಯೂ ಕಾಣಿಸಿಕೊಂಡರು. ಲೆಸ್ಟರ್ ನೆಲದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕೂತ.

"ಮಿಸ್, ಎರಡಕ್ಕಿಂತ ನಾಲ್ಕು ದೊಡ್ಡದಲ್ವಾ? ಮತ್ತೆ ಅರ್ಧಕ್ಕಿಂತ ಕಾಲು ಯಾಕೆ ಸಣ್ಣದು?" ಹನಾನ್ ಕೇಳಿದಳು.

ಕ್ಯಾರಲ್ ಅಂದು ಮೊದಲ ಸಲ ನಕ್ಕಳು. "ಒಂದೇ ಒಂದು ಬನ್ಸ್ ಉಂಟು ಅಂತ ಇಟ್ಕೊ. ತಿನ್ನುದು ನಾವಿಬ್ಬರು. ಅಷ್ಟೊತ್ತಿಗೆ ಮತ್ತಿಬ್ಬರು ನೆಂಟರು ಬಂದ್ರು."

"ಅಯ್ಯೋ, ನನಗೆ ಕಮ್ಮಿ ಆಗ್ತದೆ."

ಹೆಂಗಸು ಬರೆಯುವುದನ್ನು ಬಿಟ್ಟು ಕುರ್ಚಿ ಮುಂದಕ್ಕೆಳೆದುಕೊಂಡರು. "ಮುಂದುವರಿಸಿ, ಮಿಸ್," ಎಂದರು.